ಮಧ್ಯಾಹ್ನದ ದೆವ್ವ: ಮರಳುಗಾಡಿನ ಸನ್ಯಾಸಿಗಳಲ್ಲಿ ಶೋಧನೆ ಮತ್ತು ಸಂದೇಹದ ಚರಿತ್ರೆ

ಕ್ರೈಸ್ತರಲ್ಲಿ ಶೋಧನೆಯ ಮಾತು ಬಂದರೆ ಮೊದಲು ನೆನಪಾಗುವವನು ಈಜಿಪ್ಟಿನ ಸಂತ ಅಂತೋಣಿ. ಕ್ರಿ.ಶ. 356ರಲ್ಲಿ ಅವನು ತೀರಿಕೊಂಡ ಕೆಲವೇ ವರ್ಷಗಳಲ್ಲಿ ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷ ಅಥನಾಸಿಯಸ್ ಅವನ ಚರಿತ್ರೆ ಬರೆದ. ಅದರಲ್ಲಿ ದೆವ್ವಗಳು ಸಿಂಹ, ಕರಡಿ, ಹಾವು, ಚೇಳುಗಳ ರೂಪ ತಾಳಿ ಸಂತನ ಮೇಲೆ ಎರಗುತ್ತವೆ. ಯುರೋಪಿನ ಚಿತ್ರಕಾರರು ಮುಂದೆ ನೂರಾರು ವರ್ಷ ಈ ದೃಶ್ಯವನ್ನು ಮತ್ತೆ ಮತ್ತೆ ಬರೆದರು. ಶೋಧನೆ ಎಂದರೆ ಭೀಕರವಾದದ್ದು, ಸಂತರಿಗೆ ಮಾತ್ರ ಎದುರಾಗುವಂಥದ್ದು ಎಂಬ ಭಾವನೆ ಬೇರೂರುವುದರಲ್ಲಿ ಈ ಚಿತ್ರಗಳ ಪಾಲೂ ಇದೆ. ಆದರೆ ಅಂತೋಣಿಯ ಮುಂದಿನ ತಲೆಮಾರಿನಲ್ಲಿ ಅದೇ ಮರಳುಗಾಡಿನಲ್ಲಿ ಹುಟ್ಟಿದ ಗ್ರಂಥಗಳನ್ನು ತೆರೆದರೆ ಸಿಗುವ ಲೋಕ ಬೇರೆ. ಅಲ್ಲಿ ನಮಗೆ ಎದುರಾಗುವವನು, ಹೊತ್ತು ಹೋಗದೆ ಕಿಟಕಿಯಲ್ಲಿ ಇಣುಕುವ ಒಬ್ಬ ಸಾಮಾನ್ಯ ಸನ್ಯಾಸಿ.

ಆ ಸನ್ಯಾಸಿಯನ್ನು ಕಣ್ಣಿಗೆ ಕಟ್ಟುವಂತೆ ಬರೆದವನು ಪೊಂತಸ್ ಪ್ರಾಂತ್ಯದ ಇವಾಗ್ರಿಯಸ್. ಮನಸ್ಸಿಗೆ ಬರುವ ಶೋಧನೆಯನ್ನೂ ಸಂದೇಹವನ್ನೂ ಅವನು ಪಾಪಗಳ ಲೆಕ್ಕಕ್ಕೆ ಸೇರಿಸಲಿಲ್ಲ. ಗುರುತಿಸಿ ಗುಣಪಡಿಸಬೇಕಾದ ಬಾಧೆಗಳೆಂದು ನೋಡಿದ. ಮುಂದಿನ ಎಂಟು ಶತಮಾನಗಳಲ್ಲಿ ಪಶ್ಚಿಮದ ಧರ್ಮಸಭೆಯಲ್ಲಿ ಈ ನೋಟ ಬಹುಮಟ್ಟಿಗೆ ಮಸುಕಾಯಿತು. ಅದು ಎಲ್ಲಿ, ಹೇಗೆ ಮಸುಕಾಯಿತು ಎಂಬುದನ್ನು ಗ್ರಂಥಗಳಲ್ಲೇ ಬೆರಳಿಟ್ಟು ತೋರಿಸಬಹುದು ಎಂಬುದು ಈ ಲೇಖನದ ವಾದ.

ಇವಾಗ್ರಿಯಸ್‌ನ ಬದುಕಿನ ವಿವರಗಳು ಸಿಗುವುದು ಅವನ ಶಿಷ್ಯ ಪಲ್ಲಾಡಿಯಸ್ 420ರ ಆಸುಪಾಸಿನಲ್ಲಿ ಬರೆದ ‘ಲೌಸಿಯಾಕ ಚರಿತ್ರೆ’ಯಲ್ಲಿ. ಸುಮಾರು 345ರಲ್ಲಿ, ಇಂದಿನ ತುರ್ಕಿಯಲ್ಲಿರುವ ಇಬೋರದಲ್ಲಿ ಹುಟ್ಟಿದ ಇವನಿಗೆ ವಾಚಕ ದೀಕ್ಷೆ ಕೊಟ್ಟವನು ಮಹಾ ಬೆಸಿಲ್, ಉಪಯಾಜಕ ದೀಕ್ಷೆ ಕೊಟ್ಟವನು ನಾಜಿಯಾಂಜಸ್‌ನ ಗ್ರೆಗರಿ. 381ರ ಮಹಾಸಭೆಯ ಕಾಲದಲ್ಲಿ ಇವಾಗ್ರಿಯಸ್ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ. ಪಾಷಂಡವಾದಿಗಳನ್ನು ವಾದದಲ್ಲಿ ಸೋಲಿಸುವವನೆಂದು ಹೆಸರು ಮಾಡಿದ್ದ. ಅಂಥವನು ಆ ನಗರದ ಪ್ರತಿಷ್ಠಿತ ಮನೆತನದ ಒಬ್ಬ ವಿವಾಹಿತೆಯಲ್ಲಿ ಮನಸ್ಸಿಟ್ಟು ಒದ್ದಾಡಿದ. ಕೊನೆಗೆ ಒಂದು ಕನಸು ಅವನನ್ನು ಬೆಚ್ಚಿಬೀಳಿಸಿತು. ಊರು ಬಿಟ್ಟು ಹಡಗು ಹತ್ತಿ ಜೆರೂಸಲೇಮಿಗೆ ಹೋದ. ಅಲ್ಲಿ ಮನಸ್ಸು ಮತ್ತೆ ಹೊಯ್ದಾಡಿತು, ಉಡುಗೆತೊಡುಗೆಯ ಮೋಹ ಮರಳಿತು. ಜ್ವರ ಬಂದು ಆರು ತಿಂಗಳು ಹಾಸಿಗೆ ಹಿಡಿದ. ವೈದ್ಯರಿಗೆ ರೋಗದ ಮೂಲ ತಿಳಿಯಲಿಲ್ಲ. ಅವನಿಗೆ ಆಶ್ರಯ ಕೊಟ್ಟಿದ್ದ ಹಿರಿಯ ಮೆಲಾನಿಯಾ ಈ ಕಾಯಿಲೆ ಸಾಮಾನ್ಯದ್ದಲ್ಲ ಎಂದು ಕಂಡುಕೊಂಡು, ಮನಸ್ಸಿನಲ್ಲಿರುವುದನ್ನು ಹೇಳಿಬಿಡು ಎಂದಳು. ಅವನು ಎಲ್ಲವನ್ನೂ ಹೇಳಿಕೊಂಡ, ಸನ್ಯಾಸದ ಮಾತು ಕೊಟ್ಟ, ಕೆಲವೇ ದಿನಗಳಲ್ಲಿ ಎದ್ದು ಓಡಾಡುವಂತಾದ.

ಅವನ ಬರವಣಿಗೆಯ ಬೇರು ಈ ಘಟನೆಯಲ್ಲಿದೆ ಎಂದೇ ನನ್ನ ನಂಬಿಕೆ. ಮಹಾವಾದಿಯಾಗಿದ್ದವನಿಗೆ ವಾದದ ಬಲ ನೆರವಿಗೆ ಬರಲಿಲ್ಲ. ಒಬ್ಬ ಹಿರಿಯಳ ಮುಂದೆ ಬಾಯಿಬಿಟ್ಟು ಹೇಳಿದ್ದೇ ಅವನನ್ನು ಉಳಿಸಿತು.

383ರ ಸುಮಾರಿಗೆ ಅವನು ಈಜಿಪ್ಟಿಗೆ ಹೋದ. ನಿಟ್ರಿಯಾದಲ್ಲಿ ಎರಡು ವರ್ಷ ಕಳೆದು, ಕೆಲ್ಲಿಯಾದಲ್ಲಿ ಹದಿನಾಲ್ಕು ವರ್ಷ ಇದ್ದು, 399ರಲ್ಲಿ ಅಲ್ಲೇ ತೀರಿಕೊಂಡ. ಕೆಲ್ಲಿಯಾದ ಕುಟೀರಗಳು ಒಂದರಿಂದ ಒಂದು ದೂರವಾಗಿ ಚೆದುರಿಕೊಂಡಿದ್ದವು. ಸನ್ಯಾಸಿಗಳು ವಾರವೆಲ್ಲ ಒಂಟಿಯಾಗಿದ್ದು, ಶನಿವಾರ ಭಾನುವಾರ ಮಾತ್ರ ಚರ್ಚಿನಲ್ಲಿ ಸೇರುತ್ತಿದ್ದರು. 1960ರ ದಶಕದಿಂದ ಫ್ರೆಂಚ್ ಮತ್ತು ಸ್ವಿಸ್ ಪುರಾತತ್ವಜ್ಞರು ನಡೆಸಿದ ಉತ್ಖನನದಿಂದ ಈ ನೆಲೆಯ ವಿಸ್ತಾರ ಬೆಳಕಿಗೆ ಬಂದಿದೆ. ಇವಾಗ್ರಿಯಸ್ ಇಲ್ಲಿ ಹಸ್ತಪ್ರತಿ ನಕಲು ಮಾಡಿ ಹೊಟ್ಟೆ ಹೊರೆದ. ಬಿಡುವಿನಲ್ಲಿ ಬರೆದ ‘ಪ್ರಾಕ್ಟಿಕೋಸ್’ ನೂರು ಚಿಕ್ಕ ಅಧ್ಯಾಯಗಳ ಗ್ರಂಥ.

ಅದರಲ್ಲಿ ಅವನು ಮನುಷ್ಯನನ್ನು ಕಾಡುವ ಯೋಚನೆಗಳನ್ನು ಎಂಟಾಗಿ ವಿಂಗಡಿಸುತ್ತಾನೆ: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಅಕೇಡಿಯ, ಪೊಳ್ಳು ಕೀರ್ತಿಯ ಆಸೆ, ಅಹಂಕಾರ. ನಮ್ಮ ಓದುಗರಿಗೆ ಇಲ್ಲಿ ಅರಿಷಡ್ವರ್ಗ ನೆನಪಾಗುವುದು ಸಹಜ. ಆದರೆ ಆರನೆಯದಾದ ಅಕೇಡಿಯಕ್ಕೆ ಅರಿಷಡ್ವರ್ಗದಲ್ಲಿ ಜೋಡಿಯಿಲ್ಲ. ಬೇಸರ, ಜಡತೆ, ಹಿಡಿದ ದಾರಿಯ ಬಗ್ಗೆಯೇ ಹುಟ್ಟುವ ಅಪನಂಬಿಕೆ ಇವೆಲ್ಲ ಅದರಲ್ಲಿ ಸೇರಿವೆ.

ಪಟ್ಟಿಗಿಂತ ಮುಖ್ಯವಾದದ್ದು ಅದರ ಜೊತೆಯಲ್ಲೇ ಅವನು ಹೇಳುವ ಒಂದು ತತ್ವ. ಈ ಯೋಚನೆಗಳು ಬರುವುದು ಬಿಡುವುದು ನಮ್ಮ ಕೈಯಲ್ಲಿಲ್ಲ. ಬಂದವನ್ನು ಒಳಗೆ ಬೀಡುಬಿಡಲು ಬಿಡುವುದೋ ಬೇಡವೋ ಎಂಬುದಷ್ಟೇ ನಮ್ಮ ಕೈಯಲ್ಲಿದೆ. ಕೆಟ್ಟ ಯೋಚನೆ ಬಂತೆಂದ ಮಾತ್ರಕ್ಕೆ ತಾನು ಕೆಟ್ಟೆನೆಂದು ಕೊರಗುವವನಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇರೆಯಿಲ್ಲ.

ಹನ್ನೆರಡನೆಯ ಅಧ್ಯಾಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೀರ್ತನೆಗಳ ಗ್ರೀಕ್ ಅನುವಾದದಲ್ಲಿ ಬರುವ ಮಧ್ಯಾಹ್ನದ ದೆವ್ವವನ್ನು ಇವಾಗ್ರಿಯಸ್ ಅಕೇಡಿಯಕ್ಕೆ ಹೊಂದಿಸುತ್ತಾನೆ. ಅದು ಬೆಳಗಿನ ಸುಮಾರು ಹತ್ತು ಗಂಟೆಗೆ ಬಂದು ಎರಡರವರೆಗೆ ಮುತ್ತಿಗೆ ಹಾಕುತ್ತದೆ. ಸೂರ್ಯ ನಿಂತಲ್ಲೇ ನಿಂತಂತೆ, ದಿನಕ್ಕೆ ಐವತ್ತು ತಾಸು ಇದ್ದಂತೆ ಅನಿಸುತ್ತದೆ. ಊಟದ ಹೊತ್ತು ಮಧ್ಯಾಹ್ನ ಮೂರಕ್ಕೆ. ಅದಕ್ಕೆ ಇನ್ನೆಷ್ಟು ಹೊತ್ತಿದೆ ಎಂದು ಸನ್ಯಾಸಿ ಹೊರಗೆ ಬಂದು ಬಿಸಿಲು ನೋಡುತ್ತಾನೆ, ಯಾರಾದರೂ ಈ ಕಡೆ ಬರುತ್ತಿದ್ದಾರೋ ಎಂದು ಕತ್ತು ಚಾಚುತ್ತಾನೆ. ಇರುವ ಜಾಗ ಬೇಡವಾಗುತ್ತದೆ, ಕೈಕೆಲಸ ಬೇಡವಾಗುತ್ತದೆ. ಅಣ್ಣತಮ್ಮಂದಿರಂತಿದ್ದವರಲ್ಲಿ ಪ್ರೀತಿಯೇ ಉಳಿದಿಲ್ಲ, ತನ್ನನ್ನು ಸಂತೈಸುವವರೇ ಇಲ್ಲ ಎನಿಸುತ್ತದೆ. ಬಿಟ್ಟುಬಂದ ಮನೆಯವರ ನೆನಪಾಗುತ್ತದೆ. ಇನ್ನೆಷ್ಟು ವರ್ಷ ಹೀಗೇ ಬದುಕಬೇಕು ಎಂಬ ದಿಗಿಲು ಹುಟ್ಟುತ್ತದೆ. ಆಗ ದೆವ್ವ ಅತ್ಯಂತ ಸಮಂಜಸವಾದ ಮಾತೊಂದನ್ನು ಆಡುತ್ತದೆ: ದೇವರನ್ನು ಮೆಚ್ಚಿಸಲು ಇದೇ ಜಾಗ ಯಾಕೆ ಬೇಕು, ಆತನನ್ನು ಎಲ್ಲಿ ಬೇಕಾದರೂ ಆರಾಧಿಸಬಹುದಲ್ಲ?

ಈ ಕೊನೆಯ ಮಾತಿನಲ್ಲಿ ಸುಳ್ಳಿಲ್ಲ. ಯೋಹಾನನ ಸುವಾರ್ತೆಯಲ್ಲಿ ಸಮಾರ್ಯದ ಹೆಂಗಸಿಗೆ ಯೇಸು ಹೇಳಿದ್ದೂ ಇದೇ ಅರ್ಥದ ಮಾತು. ಸಂದೇಹ ಬರುವಾಗ ಸತ್ಯದ ಮುಖ ಹೊತ್ತೇ ಬರುತ್ತದೆ, ಬಳಲಿದ ಹೊತ್ತು ನೋಡಿಕೊಂಡು ಬರುತ್ತದೆ ಎಂಬುದನ್ನು ಇವಾಗ್ರಿಯಸ್‌ನಷ್ಟು ಸೂಕ್ಷ್ಮವಾಗಿ ಕಂಡವರು ಆ ಕಾಲದಲ್ಲಿ ಬೇರೆ ಯಾರೂ ನನಗೆ ಕಾಣಸಿಕ್ಕಿಲ್ಲ. ಇನ್ನೂ ಘೋರವಾದ ಸಂದೇಹಕ್ಕೂ, ಅಂದರೆ ಪ್ರಾರ್ಥನೆಯ ನಡುವೆಯೇ ದೇವದೂಷಣೆಯ ಯೋಚನೆ ನುಗ್ಗುವುದಕ್ಕೂ, 46ನೆಯ ಅಧ್ಯಾಯದಲ್ಲಿ ಅವನ ಉತ್ತರ ಶಾಂತವಾಗಿದೆ: ಗಾಬರಿಪಡಬೇಡ, ಹೃದಯವನ್ನು ಬಲ್ಲವನು ದೇವರು; ನಿನ್ನ ಪ್ರಾರ್ಥನೆ ನಿಲ್ಲಿಸುವುದೇ ಈ ಯೋಚನೆಯ ಗುರಿ.

ಮದ್ದುಗಳೂ ಅಷ್ಟೇ ಸರಳ. ಶೋಧನೆಯ ಹೊತ್ತಿನಲ್ಲಿ ಕುಟೀರ ಬಿಟ್ಟು ಓಡಬಾರದು. ಯಾವ ಯೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಗಮನಿಸಬೇಕು. ಮನಸ್ಸನ್ನು ಇಬ್ಭಾಗ ಮಾಡಿಕೊಂಡು, ಒಂದು ಭಾಗ ಇನ್ನೊಂದನ್ನು ಸಂತೈಸಬೇಕು. ‘ಅಂತಿರ್ರೇತಿಕೋಸ್’ ಎಂಬ ಅವನ ಇನ್ನೊಂದು ಗ್ರಂಥ ಎಂಟು ಭಾಗಗಳಲ್ಲಿ ಸುಮಾರು ಐನೂರು ಯೋಚನೆಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದಕ್ಕೂ ಬೈಬಲಿನ ಒಂದು ವಚನವನ್ನು ಉತ್ತರವಾಗಿ ಕೊಡುತ್ತದೆ. ಅಡವಿಯಲ್ಲಿ ಯೇಸು ಸೈತಾನನಿಗೆ ವಚನಗಳಿಂದಲೇ ಉತ್ತರಿಸಿದ್ದು ಇದಕ್ಕೆ ಮಾದರಿ.

ಅವನೊಬ್ಬನದೇ ದನಿ ಇದಲ್ಲ. ಮರಳುಗಾಡಿನ ಹಿರಿಯರ ನುಡಿಗಳ ಸಂಗ್ರಹದಲ್ಲಿ ಅಮ್ಮಾ ಸಾರಾಳ ಪ್ರಸಂಗವಿದೆ. ಹದಿಮೂರು ವರ್ಷ ಕಾಮದೊಡನೆ ಹೋರಾಡಿದ ಆಕೆ, ಹೋರಾಟ ನಿಲ್ಲಲಿ ಎಂದು ಒಮ್ಮೆಯೂ ಬೇಡಲಿಲ್ಲ. ಬಲ ಕೊಡು ಎಂದಷ್ಟೇ ಬೇಡಿದಳು. ಕುಳ್ಳ ಯೋಹಾನ ತನ್ನ ವಿಕಾರಗಳೆಲ್ಲ ಅಡಗಿವೆ ಎಂದು ಹಿರಿಯನಲ್ಲಿ ಹೇಳಿಕೊಂಡಾಗ, ಹೋರಾಟ ಮರಳಿ ಬರಲಿ ಎಂದು ಬೇಡಿಕೋ, ಆತ್ಮ ಬೆಳೆಯುವುದು ಅದರಿಂದಲೇ ಎಂಬ ಉತ್ತರ ಸಿಕ್ಕಿತು.

ಈ ಪರಂಪರೆಯನ್ನು ಪಶ್ಚಿಮಕ್ಕೆ ಹೊತ್ತು ತಂದವನು ಯೋಹಾನ ಕ್ಯಾಸಿಯನ್. ದೇವಶಾಸ್ತ್ರಜ್ಞ ಒರಿಜೆನ್‌ನ ಬೋಧನೆಯನ್ನು ಕುರಿತ ಜಗಳದಲ್ಲಿ 399ರ ನಂತರ ಈಜಿಪ್ಟ್ ಬಿಟ್ಟ ಅವನು, 415ರ ಸುಮಾರಿಗೆ ಮಾರ್ಸೇಯಲ್ಲಿ ನೆಲೆಸಿದ. ಎಂಟರ ಪಟ್ಟಿಯನ್ನು ಉಳಿಸಿಕೊಂಡ, ಇವಾಗ್ರಿಯಸ್‌ನ ಹೆಸರನ್ನು ಮಾತ್ರ ಎಲ್ಲಿಯೂ ಎತ್ತಲಿಲ್ಲ. ಅವನು ದಾಖಲಿಸಿದ ಒಂದು ಕಥೆ ಹೀಗಿದೆ. ಕಾಮದ ಯೋಚನೆಯಿಂದ ನೊಂದ ತರುಣನೊಬ್ಬ ಹಿರಿಯನಲ್ಲಿ ಹೇಳಿಕೊಂಡ. ಆ ಹಿರಿಯ, ನೀನು ಸನ್ಯಾಸಿ ಎನ್ನಿಸಿಕೊಳ್ಳಲೂ ಯೋಗ್ಯನಲ್ಲ ಎಂದು ಜರೆದ. ಎದೆಯೊಡೆದ ತರುಣ ಊರಿಗೆ ಮರಳಿ ಮದುವೆಯಾಗಲು ಹೊರಟಾಗ ದಾರಿಯಲ್ಲಿ ಅಬ್ಬಾ ಅಪೊಲ್ಲೋ ಸಿಕ್ಕ. ಇಷ್ಟು ವಯಸ್ಸಾದ ನನ್ನನ್ನೂ ಇದೇ ಯೋಚನೆ ಕಾಡುತ್ತದೆ ಎಂದು ಧೈರ್ಯ ಹೇಳಿದ. ಆಮೇಲೆ ಆ ಶೋಧನೆ ಜರೆದವನ ಮೇಲೆ ಬರಲಿ ಎಂದು ಪ್ರಾರ್ಥಿಸಿದ. ಮುದುಕ ಹುಚ್ಚು ಹಿಡಿದವನಂತೆ ಕುಟೀರದಿಂದ ಹೊರಗೆ ಓಡಿಬಂದ. ಶೋಧನೆಗೆ ಒಳಗಾದವನನ್ನು ತುಚ್ಛವಾಗಿ ಕಂಡ ಹಿರಿಯನಿಗೆ ಈ ಪರಂಪರೆ ಕೊಟ್ಟ ತೀರ್ಪು ಇದು.

ಆದರೂ ಬದಲಾವಣೆ ಶುರುವಾದದ್ದು ಕ್ಯಾಸಿಯನ್‌ನಲ್ಲೇ. ಅಕೇಡಿಯಕ್ಕೆ ಅವನು ಒತ್ತಿ ಹೇಳುವ ಮದ್ದು ದುಡಿಮೆ. ಅಬ್ಬಾ ಪೌಲನೆಂಬವನು ಪೇಟೆಯಿಂದ ಏಳು ದಿನದ ದಾರಿಯಷ್ಟು ದೂರವಿದ್ದ. ಹೆಣೆದದ್ದನ್ನು ಅಲ್ಲಿಂದ ಸಾಗಿಸಿ ಮಾರಿದರೆ ಬಾಡಿಗೆಯೂ ಗಿಟ್ಟುವಂತಿರಲಿಲ್ಲ. ಹಾಗಿದ್ದೂ ದಿನವೂ ತಾಳೆಗರಿಯ ಕೆಲಸ ಮಾಡಿ, ವರ್ಷಕ್ಕೊಮ್ಮೆ ಗವಿ ತುಂಬಿದಾಗ ಎಲ್ಲವನ್ನೂ ಸುಡುತ್ತಿದ್ದ. ಕಥೆ ಸೊಗಸಾಗಿದೆ. ಆದರೆ ಒತ್ತು ಇಲ್ಲಿ ಸಂದೇಹದಿಂದ ಸೋಮಾರಿತನದ ಕಡೆಗೆ ವಾಲಿತು.

ಆರನೆಯ ಶತಮಾನದ ಕೊನೆಗೆ ಪೋಪ್ ಮಹಾ ಗ್ರೆಗರಿ ಯೋಬನ ಗ್ರಂಥದ ವ್ಯಾಖ್ಯಾನದಲ್ಲಿ ಅಹಂಕಾರವನ್ನು ಎಲ್ಲಕ್ಕೂ ಬೇರೆಂದು ಪಟ್ಟಿಯಿಂದ ಹೊರಗಿಟ್ಟ, ಮತ್ಸರವನ್ನು ಸೇರಿಸಿದ. ಅಕೇಡಿಯ ಎಂಬ ಹೆಸರು ಬಿದ್ದುಹೋಗಿ, ಅದರ ಲಕ್ಷಣಗಳು ದುಃಖದ ಮಕ್ಕಳಾದವು. ಪ್ರತಿ ಕ್ರೈಸ್ತನೂ ವರ್ಷಕ್ಕೊಮ್ಮೆ ಪಾಪನಿವೇದನೆ ಮಾಡಲೇಬೇಕೆಂದು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿದ ಮೇಲೆ, ಏಳರ ಪಟ್ಟಿ ಗುರುಗಳ ಕೈಯಲ್ಲಿ ಪ್ರಶ್ನಾವಳಿಯಾಯಿತು. ಅಕೇಡಿಯದ ಹೆಸರು ಅದರಲ್ಲಿ ಮರಳಿತ್ತು, ನಿಜ. ಥಾಮಸ್ ಅಕ್ವಿನಾಸ್ ಅದನ್ನು ದೈವಿಕ ಒಳಿತಿನ ಬಗ್ಗೆಯೇ ಹುಟ್ಟುವ ದುಃಖವೆಂದು ಆಳವಾಗಿ ವಿವರಿಸಿದ. ಜನರ ತಿಳಿವಳಿಕೆಯಲ್ಲಿ ಮಾತ್ರ ಅದು ಪೂಜೆಗೆ ತಪ್ಪಿಸಿಕೊಳ್ಳುವ, ಕೆಲಸಗಳ್ಳತನದ ಪಾಪವಾಗಿ ಉಳಿಯಿತು. ನಡುಮಧ್ಯಾಹ್ನ ತನ್ನ ಬದುಕಿಗೇ ಅರ್ಥವಿದೆಯೇ ಎಂದು ಸಂದೇಹಿಸಿದವನಿಗೆ ಪಟ್ಟಿಯಲ್ಲಿ ಸಿಕ್ಕ ಜಾಗ ಸೋಮಾರಿಯದು. ಅವನಿಗೆ ಆದದ್ದು ಅನ್ಯಾಯ.

ಹಳೆಯ ತಿಳಿವು ಪೂರ್ತಿ ಬತ್ತಲಿಲ್ಲ. ಲೂಥರ್ 1539ರಲ್ಲಿ ತನ್ನ ಜರ್ಮನ್ ಬರಹಗಳ ಸಂಪುಟಕ್ಕೆ ಬರೆದ ಮುನ್ನುಡಿಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗೆ ಮೂರು ಬೇಕೆಂದ: ಪ್ರಾರ್ಥನೆ, ಧ್ಯಾನ, ಶೋಧನೆ. ಸ್ವತಃ ಘೋರ ಸಂದೇಹಗಳಲ್ಲಿ ಬೆಂದವನ ಮಾತದು. ಇವಾಗ್ರಿಯಸ್‌ನ ಹೆಸರಿಗೆ ಮಾತ್ರ 553ರ ಮಹಾಸಭೆಯ ಕಾಲದಲ್ಲಿ ಒರಿಜೆನ್‌ನ ಜೊತೆಗೆ ಖಂಡನೆ ತಟ್ಟಿತ್ತು. ಪ್ರಾರ್ಥನೆಯನ್ನು ಕುರಿತ ಅವನ ಗ್ರಂಥ ಸಂತ ನೀಲಸ್‌ನ ಹೆಸರಿನಲ್ಲಿ ಉಳಿದು, 1782ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ‘ಫಿಲೊಕಾಲಿಯ’ವನ್ನೂ ಆ ಹೆಸರಿನಲ್ಲೇ ಸೇರಿತು. ಅದು ಇವಾಗ್ರಿಯಸ್‌ನದೇ ಎಂದು ಇಪ್ಪತ್ತನೆಯ ಶತಮಾನದಲ್ಲಿ ವಾದಿಸಿ ತೋರಿಸಿದವರು ಐರೆನೆ ಹೌಶೆರ್. ‘ಪ್ರಾಕ್ಟಿಕೋಸ್’ನ ಪರಿಷ್ಕೃತ ಗ್ರೀಕ್ ಪಾಠ ಅಂತ್ವಾನ್ ಮತ್ತು ಕ್ಲೇರ್ ಗಿಯೊಮೊಂ ಅವರ ಸಂಪಾದನೆಯಲ್ಲಿ 1971ರಲ್ಲಿ ಹೊರಬಂತು. ‘ಅಂತಿರ್ರೇತಿಕೋಸ್’ನ ಗ್ರೀಕ್ ಮೂಲ ಕಳೆದುಹೋಗಿದೆ, ಸಿರಿಯಾಕ್ ಮತ್ತು ಅರ್ಮೇನಿಯನ್ ಅನುವಾದಗಳಲ್ಲಿ ಅದು ಬದುಕಿದೆ. ಅದರಲ್ಲಿ ಅಕೇಡಿಯದ ಭಾಗವನ್ನು ತೆರೆದರೆ ಎದುರಾಗುವವನು, ತನಗೆ ಗೊತ್ತಿರುವ ಕಸುಬನ್ನು ಹಳಿಯುತ್ತ, ಶ್ರಮ ಕಡಿಮೆಯಿದ್ದು ಸಂಪಾದನೆ ಹೆಚ್ಚಿರುವ ಬೇರೊಂದನ್ನು ಕಲಿಯಬಾರದೇಕೆ ಎಂದು ಯೋಚಿಸುವ ಸನ್ಯಾಸಿ.