ಚೋರ್ ಬಜಾರಿನ ತಟ್ಟೆಗಳು, ನಮ್ಮ ಹೆಣ್ಣುಮಕ್ಕಳ ಹೆಸರುಗಳು

ಇಂಗ್ಲೆಂಡಿನಲ್ಲಿ ಭಾನುವಾರ ಬಂತೆಂದರೆ ಜನ ಮನೆಯ ಹಳೆಯ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಬಯಲಿಗೆ ಹೋಗುತ್ತಾರೆ; ಡಿಕ್ಕಿಯನ್ನೇ ಅಂಗಡಿ ಮಾಡಿಕೊಂಡು ಮಾರುತ್ತಾರೆ. ನಮ್ಮ ಊರುಗಳಲ್ಲಿ ಈ ಕೆಲಸಕ್ಕೆ ಕಾರು ಬೇಕಿಲ್ಲ, ನೆಲದ ಮೇಲೆ ಒಂದು ಚಾದರ ಹಾಸಿದರೆ ಸಾಕು. ಪುಣೆಯಲ್ಲಿ ಭಾನುವಾರ ಮತ್ತು ಬುಧವಾರ ಸೇರುವ ಜುನಾ ಬಜಾರ್ ಇದೆ. ಚೆನ್ನೈಯಲ್ಲಿ 1985ರಲ್ಲಿ ಬೆಂಕಿಗೆ ಆಹುತಿಯಾದ ಮೂರ್ ಮಾರ್ಕೆಟ್ಟನ್ನು ಹಳೆಯ ಪುಸ್ತಕ, ಹಳೆಯ ರೆಕಾರ್ಡು ಹುಡುಕುವವರು ಇಂದಿಗೂ ನೆನೆಯುತ್ತಾರೆ. ಮುಂಬಯಿಯಲ್ಲಿರುವ ನಮಗಂತೂ ಚೋರ್ ಬಜಾರ್ ಇದ್ದೇ ಇದೆ.

ಭೇಂಡಿ ಬಜಾರಿನ ಮಗ್ಗುಲಲ್ಲಿರುವ ಮಟನ್ ಸ್ಟ್ರೀಟಿನಲ್ಲಿ ಹಿತ್ತಾಳೆಯ ದೀಪ, ಗೋಡೆ ಗಡಿಯಾರ, ಪಿಂಗಾಣಿ ಬಟ್ಟಲು, ಹಳೆಯ ಸಿನಿಮಾ ಪೋಸ್ಟರು, ಕೀಲು ಸಡಿಲವಾದ ಕ್ಯಾಮೆರಾ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತವೆ. ಮೊದಲು ಇದು ಗದ್ದಲದ ‘ಶೋರ್ ಬಜಾರ್’ ಆಗಿತ್ತು, ಆಡುವವರ ಬಾಯಲ್ಲಿ ‘ಚೋರ್’ ಆಯಿತು ಎಂಬ ಮಾತೂ ಉಂಟು. ಭೇಂಡಿ ಬಜಾರಿಗೆ ಸಂಗೀತದ ನಂಟೂ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೊರಾದಾಬಾದ್ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಉಸ್ತಾದರಿಂದ ‘ಭೇಂಡಿ ಬಜಾರ್ ಘರಾಣೆ’ ಹುಟ್ಟಿತು. ಆ ಘರಾಣೆಯ ಅಂಜನಿಬಾಯಿ ಮಾಲ್ಪೇಕರ್ ಅವರಿಂದ ನಮ್ಮ ಬೆಳಗಾವಿ ಸೀಮೆಯ ಕುಮಾರ ಗಂಧರ್ವರೂ ಪಾಠ ಹೇಳಿಸಿಕೊಂಡಿದ್ದರು.

ಆದ್ದರಿಂದ ಇಲ್ಲಿಗೆ ಹೋದಾಗ ದೀಪ, ಗಡಿಯಾರಗಳನ್ನು ದಾಟಿ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಗ್ರಾಮಫೋನ್ ತಟ್ಟೆಗಳ ಕಡೆಗೂ ಒಮ್ಮೆ ಬಗ್ಗಿ ನೋಡಬೇಕು. ನಮ್ಮ ನಾಡಿನ ಹೆಣ್ಣುಮಕ್ಕಳ ಚರಿತ್ರೆಯ ಒಂದು ತುಂಡು ಅಲ್ಲಿರಬಹುದು.

ನಿಮಿಷಕ್ಕೆ 78 ಸುತ್ತು ತಿರುಗುವ ಈ ಕಪ್ಪು ತಟ್ಟೆಗಳ ಮುಖ್ಯ ವಸ್ತು ಅರಗು. ಮುತ್ತುಗದಂಥ ಮರಗಳಲ್ಲಿ ಅರಗಿನ ಹುಳು ಕಟ್ಟುವ ಅದೇ ಅರಗು. ಕೈಜಾರಿದರೆ ಬಳೆಯಂತೆ ಚೂರಾಗುತ್ತದೆ. ಹತ್ತು ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು, ಮೂರೂವರೆ ನಿಮಿಷದ ಹಾಡು. ಗಂಟೆಗಟ್ಟಲೆ ಅರಳುವ ರಾಗವನ್ನು ಅಷ್ಟರೊಳಗೆ ಹಿಡಿದು ತೋರಿಸಬೇಕಿತ್ತು. ಅದನ್ನು ಮೊದಲು ಸಾಧಿಸಿದವರಲ್ಲಿ ಹೆಂಗಸರೇ ಮುಂದು. ಮರ್ಯಾದಸ್ಥ ಮನೆತನದ ಹೆಣ್ಣುಮಕ್ಕಳು ನಾಲ್ಕು ಜನರೆದುರು ಹಾಡಬಾರದೆಂಬ ಕಾಲದಲ್ಲಿ ಧ್ವನಿಮುದ್ರಣದ ಕೊಳವೆಯ ಮುಂದೆ ನಿಂತವರು ತವಾಯಫರು, ದೇವದಾಸಿ ಮನೆತನದ ಗಾಯಕಿಯರು ಮತ್ತು ನಾಟಕದ ನಟಿಯರು.

1902ರಲ್ಲಿ ಕಲಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡ ಗೌಹರ್ ಜಾನ್ ಅವರಲ್ಲಿ ಎಲ್ಲರಿಗಿಂತ ಪ್ರಸಿದ್ಧೆ. ಹಾಡು ಮುಗಿದ ಕೂಡಲೇ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದಳು. ಅಚ್ಚುಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ತಟ್ಟೆಗಳಾಗಿ ಬರಬೇಕಿದ್ದುದರಿಂದ ಯಾರ ಹಾಡು ಯಾವುದೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಕಲಕತ್ತೆಯಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಬಂದದ್ದು 1908ರಲ್ಲಿ. ಕಾರಣ ವ್ಯವಹಾರದ್ದೇ ಇರಲಿ, ಒಬ್ಬ ಹೆಣ್ಣುಮಗಳು ತನ್ನ ಕಲೆಗೆ ತಾನೇ ಸಹಿ ಹಾಕಿದಂತಾಯಿತು. ಕೊನೆಗಾಲದಲ್ಲಿ ಅವಳಿಗೆ ಆಸರೆ ಕೊಟ್ಟದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು. 1930ರಲ್ಲಿ ಆಕೆ ಕಣ್ಣುಮುಚ್ಚಿದ್ದೂ ಅಲ್ಲಿಯೇ.

ಎಲ್ಲರಿಗೂ ಆ ಸಹಿಯ ಭಾಗ್ಯ ಸಿಗಲಿಲ್ಲ. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ಮೊದಮೊದಲ ತಟ್ಟೆಗಳ ಮೇಲೆ ಇರುವ ಹೆಸರು ‘ಗಾಂಧಾರಿ’. ಗೊತ್ತಿಲ್ಲದವರು ಅದನ್ನು ಯಾರದೋ ಎಂದು ಪಕ್ಕಕ್ಕೆ ಸರಿಸಿಬಿಡುತ್ತಾರೆ. ಆ ತಟ್ಟೆಗಳಿಗೆ ಇನ್ನೊಂದು ಬೆಲೆಯೂ ಇದೆ. ನಾವು ಬಲ್ಲ ಗಂಗೂಬಾಯಿಯವರ ಗಂಭೀರ, ಗಂಡುದನಿಯಂಥ ಕಂಠ ಮೊದಲಿನಿಂದ ಇದ್ದದ್ದಲ್ಲ. ಗಂಟಲಿನ ಚಿಕಿತ್ಸೆಯ ನಂತರ ದನಿ ಬದಲಾಯಿತು. ಅದಕ್ಕೂ ಮುಂಚಿನ ತೆಳುವಾದ, ಮೇಲಿನ ಸ್ಥಾಯಿಯ ದನಿ ಉಳಿದಿರುವುದು ಆ ಅರಗಿನ ಗೆರೆಗಳಲ್ಲಿ. ಕಚೇರಿಗಳಲ್ಲಿ ಅವರನ್ನು ಕೇಳಿದ ನಮ್ಮ ಹಿರಿಯರಲ್ಲೂ ಅನೇಕರಿಗೆ ಈ ಗಾಂಧಾರಿಯ ಪರಿಚಯ ಇರಲಾರದು.

ಬೀಳಗಿಯ ಅಮೀರ್‌ಬಾಯಿಯ ಕಥೆ ಬೇರೆ. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ನಾಟಕ ಮಂಡಳಿಯ ಗಾಯಕಿ-ನಟಿ. ತಂಗಿ ಮುಂಬಯಿಯ ಹಿಂದಿ ಚಿತ್ರರಂಗದಲ್ಲಿ ಹೆಸರಾದಳು. 1943ರ ‘ಕಿಸ್ಮತ್’ ಚಿತ್ರದ ಹಾಡುಗಳು ಅವಳನ್ನು ಮನೆಮನೆಗೆ ಮುಟ್ಟಿಸಿದವು. ಇಬ್ಬರೂ ಊರು ಬಿಟ್ಟರೂ ನಾಡನ್ನು ಬಿಡಲಿಲ್ಲ. ‘ಕರ್ನಾಟಕಿ’ ಎಂಬುದೇ ಅವರ ಅಡ್ಡಹೆಸರಾಯಿತು. ಕರ್ನಾಟಕವೆಂಬ ಹೆಸರಿನ ರಾಜ್ಯ 1973ರಲ್ಲಿ ಬಂತು. ಈ ಸೋದರಿಯರು ಆ ಹೆಸರನ್ನು ಹೊತ್ತು ತಿರುಗಿದ್ದು ಅದಕ್ಕೂ ಎಷ್ಟೋ ವರ್ಷ ಮೊದಲು. ಹೊರನಾಡ ಕನ್ನಡತಿಯರಾದ ನಮಗೆ ಇವರಿಗಿಂತ ಹತ್ತಿರದ ಹಿರಿಯಕ್ಕಂದಿರು ಯಾರು?

ಸಿನಿಮಾ ತಟ್ಟೆಗಳಲ್ಲಿ ಹೆಸರು ಅಳಿಸಿಹೋದದ್ದೂ ಉಂಟು. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಗಾಯಕಿಯ ಹೆಸರಿನ ಜಾಗದಲ್ಲಿ ಅಚ್ಚಾಗಿದ್ದುದು ‘ಕಾಮಿನಿ’. ಅದು ಚಿತ್ರದ ಪಾತ್ರದ ಹೆಸರು. ಹಾಡಿದವರು ಲತಾ ಮಂಗೇಶ್ಕರ್. ಅವರಿಗೇ ಹೀಗಾದರೆ, ಒಂದೆರಡು ತಟ್ಟೆ ಕೊಟ್ಟು ಮರೆಯಾದವರ ಪಾಡೇನು?

ಹೀಗಾಗಿ ಈ ಹುಡುಕಾಟದಲ್ಲಿ ಕಣ್ಣಿಗೆ ಮೊದಲ ಕೆಲಸ ತಟ್ಟೆಯ ನಡುವಿನ ಕಾಗದದ ಮೇಲೆ. ‘ಮಿಸ್’, ‘ಬಾಯಿ’, ‘ಜಾನ್’, ಊರಿನ ಹೆಸರು, ‘ಅಮೆಚೂರ್’ ಎಂಬ ಒಕ್ಕಣೆ ಎಲ್ಲವೂ ಸುಳಿವೇ. ಆಮೇಲೆ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಬಿರುಕು ಇದೆಯೇ ನೋಡಿ. ಬೆಲೆಯ ಚೌಕಾಶಿ ಕೊನೆಗೆ. ಮನೆಗೆ ತಂದ ಮೇಲೆ ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಕರಗುತ್ತದೆ. ಒಣ ಮೆದು ಬಟ್ಟೆ ಸಾಕು. ಪಾತ್ರೆಯಂತೆ ಪೇರಿಸದೆ ಪುಸ್ತಕದಂತೆ ನಿಲ್ಲಿಸಿಡಿ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು, ಇಲ್ಲವಾದರೆ ಅದು ಗೆರೆಯನ್ನೇ ಕೆರೆದು ಹಾಕುತ್ತದೆ. ಸಾಧ್ಯವಾದರೆ ಒಮ್ಮೆ ಬಲ್ಲವರಿಂದ ಕಂಪ್ಯೂಟರಿಗೆ ಇಳಿಸಿಕೊಳ್ಳಿ.

ಹಳೆಯ ತಟ್ಟೆಗೆ ಬಣ್ಣ ಬಳಿದು ಗಡಿಯಾರ ಮಾಡುವುದು, ಹೋಟೆಲ್ ಗೋಡೆಗೆ ಮೊಳೆ ಹೊಡೆದು ಅಲಂಕರಿಸುವುದು ಈಗಿನ ಫ್ಯಾಶನ್. ನೋಡಲು ಚೆಂದವೇ. ಆದರೆ ಮೊಳೆ ಹೊಡೆಯುವ ಮುಂಚೆ ಕಾಗದದ ಮೇಲಿನ ಹೆಸರನ್ನು ಯಾರಾದರೂ ಓದಿರಬೇಕಲ್ಲ? ಗಂಗೂಬಾಯಿ, ಅಮೀರ್‌ಬಾಯಿಯವರ ಹಾಡುಗಳು ಇಂದು ಮೊಬೈಲಿನಲ್ಲಿ ಸಿಗುತ್ತವೆ, ಏಕೆಂದರೆ ಯಾರೋ ಪುಣ್ಯಾತ್ಮರು ಅವನ್ನು ಗುಜರಿಯಿಂದ ಎತ್ತಿಟ್ಟುಕೊಂಡಿದ್ದರು. ಎತ್ತಿಡದೆ ಹೋದವುಗಳ ಲೆಕ್ಕ ಯಾರಲ್ಲೂ ಇಲ್ಲ. ಮುಂದಿನ ಶನಿವಾರವೋ ಭಾನುವಾರವೋ ಪೇಟೆಯ ಕಡೆ ಹೋದಾಗ, ಅದಕ್ಕೂ ಮೊದಲು ಅತ್ತೆಯವರ ಅಟ್ಟದ ಮೇಲೆ, ಒಂದು ಗಳಿಗೆ ಹುಡುಕಿ ನೋಡಿ. ಕನ್ನಡತಿಯೊಬ್ಬಳ ಹೆಸರು ಕಂಡರೆ ಬರೆದಿಟ್ಟುಕೊಳ್ಳಿ, ನಮಗೂ ತಿಳಿಸಿ.