ಹೂಡುವ ಬಿಡಾರ, ಕೀಳುವ ಬಿಡಾರ

ಕೆಲವು ದಿನಗಳ ಮಟ್ಟಿಗೆ, ಮತ್ತೆ ಎದ್ದು ಹೋಗುವುದೆಂದು ತಿಳಿದೇ, ಒಲೆ ಹಚ್ಚಿಕೊಂಡು ನೆಲೆಸುವ ಜಾಗಕ್ಕೆ ಕನ್ನಡದಲ್ಲಿ ಬಿಡಾರ ಎಂದು ಹೆಸರು. ಮನೆಯಲ್ಲಿ ಉಳಿಯುತ್ತಾರೆ, ಛತ್ರದಲ್ಲಿ ರಾತ್ರಿ ಕಳೆಯುತ್ತಾರೆ. ಇವೆರಡರ ನಡುವಿನ ಎರಡು ಮೂರು ತಿಂಗಳ ಬದುಕಿಗೆ ಇದಕ್ಕಿಂತ ಒಪ್ಪವಾದ ಮಾತಿಲ್ಲ. ಆದರೆ ಚಾಮರಾಜನಗರ, ಗುಂಡ್ಲುಪೇಟೆಗಳ ನಡುವಿನ ಹರವೆಯಿಂದ ತಾಯಿಯನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರೆದೊಯ್ಯುವ ಮಗನಾಗಲಿ, ಮೂರು ತಿಂಗಳ ತರಬೇತಿಗೆ ಹೊರಟ ಹುಡುಗಿಯಾಗಲಿ ಈಗ ಆ ಮಾತನ್ನು ಆಡುವುದಿಲ್ಲ. ‘ಎರಡ್ ತಿಂಗ್ಳಿಗೆ ಒಂದ್ ಸ್ಟೇ ನೋಡ್ಬುಡು’ ಎಂಬುದೇ ಬಸ್ಸಿನಲ್ಲಿ ಕಿವಿಗೆ ಬೀಳುವ ಮಾತು. ‘ಬಿಡು’ ಎಂಬುದು ‘ಬುಡು’ ಆಗಿ ಪ್ರತಿ ವಾಕ್ಯದ ಕೊನೆಗೂ ಕೂತಿರುವ ಸೀಮೆಯಲ್ಲಿ ಬಿಡಾರ ಮಾತ್ರ ನಾಲಿಗೆಯಿಂದ ಜಾರಿದೆ.

ಪತ್ರಿಕೆಗಳಲ್ಲಿ ಅದು ಉಳಿದಿರುವುದು ಮುಖ್ಯವಾಗಿ ಆನೆಗಳಿಗೆ ಮತ್ತು ಕೂಲಿಕಾರರಿಗೆ. ಸಕ್ರೆಬೈಲಿನದು ಆನೆ ಬಿಡಾರ. ಕಬ್ಬು ಕಡಿಯಲು ಬಂದವರದು ಗದ್ದೆಯಂಚಿನ ಬಿಡಾರ. ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿ ತಿಂಗಳ ಬಾಡಿಗೆಗೆ ಇರುವವರಿಗೆ ‘ಸರ್ವೀಸ್ ಅಪಾರ್ಟ್‌ಮೆಂಟ್’, ಹಾಸಿಗೆಯೊಂದನ್ನು ಹಿಡಿದವರಿಗೆ ‘ಪೀಜಿ’. ದುಡ್ಡಿದ್ದವರ ಅಲ್ಪಾವಧಿ ವಾಸಕ್ಕೆ ಒಂದು ಮಾತು, ಇಲ್ಲದವರದಕ್ಕೆ ಇನ್ನೊಂದು ಎಂದು ಭಾಷೆಯನ್ನು ಹೀಗೆ ಹಂಚುವುದು ಸರಿಯಲ್ಲ.

ಬಿಡಾರಕ್ಕೂ ಬೀಡಿಗೂ ನಂಟಿದೆ, ರಾಜರ ನೆಲೆವೀಡೂ ಅದೇ ಬಳಗ ಎಂಬುದು ಗೊತ್ತಿರುವ ಸಂಗತಿ. ಹೆಚ್ಚು ಗಮನಿಸಬೇಕಾದದ್ದು ಅದರ ಜೊತೆ ಬರುವ ಕ್ರಿಯಾಪದವನ್ನು. ಡೇರೆಯನ್ನು ಹಾಕುತ್ತಾರೆ, ಚಪ್ಪರವನ್ನು ಕಟ್ಟುತ್ತಾರೆ. ಬಿಡಾರವನ್ನು ಹೂಡುತ್ತಾರೆ. ಹೂಡುವುದು ನೇಗಿಲನ್ನು, ಹೂಡುವುದು ಒಲೆಯನ್ನು. ಮೂರು ಕಲ್ಲು ಹೂಡಿ ಮಡಕೆ ಏರಿಸಿದರೆ ಒಲೆ. ‘ಬಿಡಾರ ಹೂಡು’ ಎಂಬ ಮಾತು ದಂಡಿನ ಗುಡಾರಕ್ಕಿಂತ ಈ ಮೂರು ಕಲ್ಲನ್ನೇ ನೆನಪಿಸುತ್ತದೆ. ವ್ಯಾಕರಣ ಒಪ್ಪದಿದ್ದರೂ ಅನುಭವ ಒಪ್ಪುತ್ತದೆ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಬನದ ಹುಣ್ಣಿಮೆಗೆ ಚಂದ್ರಮಂಡಲದ ಜ್ಯೋತಿ ಹೊತ್ತಿಕೊಂಡರೆ ಅಲ್ಲಿನ ದೈವ ಸಿದ್ದಪ್ಪಾಜಿಯ ಒಕ್ಕಲು ಐದು ದಿನ ಅಲ್ಲೇ ಬಿಡಾರ ಹೂಡುತ್ತದೆ. ಹೊದಿಕೆ ಎಲ್ಲೋ ಒಂದು ಸೀರೆ, ಎಲ್ಲೋ ಒಂದು ಟಾರ್ಪಾಲು, ಎಲ್ಲೋ ಬರೀ ಮರದ ನೆರಳು. ಒಲೆ ಮಾತ್ರ ಎಲ್ಲೆಡೆಯೂ ಉಂಟು. ಬೆಂದದ್ದನ್ನು ಪಂಕ್ತಿಸೇವೆಯಲ್ಲಿ ಜಾತಿ ಕೇಳದೆ ಕೂಡಿ ಉಣ್ಣುತ್ತಾರೆ. ಸೂರು ಇಲ್ಲದೆಯೂ ಬಿಡಾರವಾದೀತು, ಒಲೆ ಇಲ್ಲದೆ ಆಗದು.

ನಗರದಲ್ಲಿ ಜಾಗ ಹುಡುಕುವವರಿಗೂ ಇದೇ ಮೊದಲ ಅಳತೆ. ಚಿಕಿತ್ಸೆಯಲ್ಲಿರುವವರಿಗೆ ಗಂಜಿ ಬೇಯಿಸಲು ಬಿಡದ ಕೋಣೆ ಎಷ್ಟೇ ಹೊಳೆದರೂ ಬಿಡಾರವಲ್ಲ, ಬಾಡಿಗೆಯ ಮಂಚ. ಅಡುಗೆಗೆ ಅವಕಾಶವಿದೆಯೇ, ಏನನ್ನು ಬೇಯಿಸಬಹುದು, ನೀರು ದಿನವಿಡೀ ಬರುತ್ತದೆಯೇ ಎಂಬುದನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು. ಪೀಜಿಗಳಿಗೆ 2024ರಲ್ಲಿ ಆಗಿನ ಬಿಬಿಎಂಪಿ ಹೊರಡಿಸಿದ ನಿಯಮಗಳು ತಲಾ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ ಇರಬೇಕೆನ್ನುತ್ತವೆ.

ಎರಡನೆಯ ಅಳತೆಯನ್ನು ಗಾದೆಯೊಂದು ಕೊಡುತ್ತದೆ: ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು. ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಉಣ್ಣುವುದಕ್ಕೆ ಇದನ್ನು ಹೇಳುವುದು ರೂಢಿ. ಆದರೆ ಹೊಲದ ಬದುವಿನಲ್ಲಿ ಹುತ್ತ ನೋಡಿ ಬೆಳೆದವರಿಗೆ ಇದರಲ್ಲಿ ಬೇರೆ ಎಚ್ಚರಿಕೆಯೂ ಕೇಳಿಸುತ್ತದೆ. ಗೆದ್ದಲು ಕಣ ಕಣ ಮಣ್ಣು ತಂದು, ಜೊಲ್ಲು ಬೆರೆಸಿ, ಗಾಳಿಯಾಡುವ ಕೊಳವೆ ಬಿಟ್ಟು ಎದೆಮಟ್ಟ ಎಬ್ಬಿಸುತ್ತದೆ. ನಾಗರಹಾವು ತೋಡುವುದಿಲ್ಲ, ಕಟ್ಟುವುದಿಲ್ಲ. ಒಳಗೆ ತಂಪಿದೆ ಎಂದು ಸೇರಿಕೊಳ್ಳುತ್ತದೆ. ಹೊರಗಿನ ಬಾಯಿ ನೋಡಿದರೆ ಒಳಗಿರುವುದು ಗೆದ್ದಲೋ ಹಾವೋ ತಿಳಿಯದು. ನಾಗರಪಂಚಮಿಯ ದಿನ ಹಾಲೆರೆಯುವವರೂ ಎಚ್ಚರದಿಂದಲೇ ಇರುತ್ತಾರೆ. ಹುತ್ತಕ್ಕೆ ಯಾರೂ ಕೈ ಹಾಕುವುದಿಲ್ಲ. ಅದೇ ಜನ ಬೆಂಗಳೂರಿನ ಮನೆಯ ಚಿತ್ರವೊಂದು ಫೋನಿಗೆ ಬಂದ ಕೂಡಲೇ ‘ಟೋಕನ್’ ಹಣ ಕಳಿಸಿಬಿಡುತ್ತಾರೆ. ಕಟ್ಟಿಸಿದವರು ಯಾರು, ತೋರಿಸುತ್ತಿರುವವರು ಯಾರು ಎಂದು ಕೇಳುವುದಿಲ್ಲ. ತಾನೇ ಬಾಡಿಗೆಗಿರುವವನು ಮಾಲೀಕನಿಗೆ ತಿಳಿಸದೆ ಒಳಬಾಡಿಗೆಗೆ ಕೊಟ್ಟಿರಬಹುದು. ಒಂದೇ ಮನೆ ತೋರಿಸಿ ಹತ್ತು ಜನರಿಂದ ಟೋಕನ್ ಎತ್ತಿರಬಹುದು. ಸೈನಿಕನೆಂದು ಹೇಳಿಕೊಂಡು ಗುರುತುಚೀಟಿಯ ಚಿತ್ರ ಕಳಿಸಿ ನಂಬಿಸುವುದಂತೂ ಹಳೆಯ ವಂಚನೆ.

ಹುತ್ತದಲ್ಲಿ ಯಾರಿದ್ದಾರೆಂದು ತಿಳಿಯುವ ದಾರಿಗಳಿವೆ. ಮನೆಯನ್ನು ಕಣ್ಣಾರೆ ನೋಡಬೇಕು; ಆಗದಿದ್ದರೆ ಆ ಊರಿನಲ್ಲಿರುವ ನಂಟರೊಬ್ಬರನ್ನು ಕಳಿಸಬೇಕು. ಕರೆಂಟ್ ಬಿಲ್ಲಿನ, ತೆರಿಗೆ ರಸೀದಿಯ ಹೆಸರಿಗೂ ಹಣ ಪಡೆಯುವವರ ಹೆಸರಿಗೂ ತಾಳೆ ನೋಡಬೇಕು. ಕಾವಲುಗಾರನನ್ನೂ ಪಕ್ಕದ ಮನೆಯವರನ್ನೂ ವಿಚಾರಿಸಿದರೆ ಕಾಗದ ಹೇಳದ್ದು ಗೊತ್ತಾಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ‘ನಿಮ್ಮ ಟೋಕನ್ ವಾಪಸ್ ಹಾಕುತ್ತೇವೆ, ಪಿನ್ ಒತ್ತಿ’ ಎಂದವರು ವಂಚಕರೇ. ಮೋಸಹೋದದ್ದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುತ್ತದೆ. ಇನ್ನು ಕಿದ್ವಾಯಿ ಸಂಸ್ಥೆಯಲ್ಲೂ ನಿಮ್ಹಾನ್ಸಿನಲ್ಲೂ ರೋಗಿಗಳ ಕಡೆಯವರಿಗೆ ಧರ್ಮಶಾಲೆಗಳಿವೆ. ಆಸ್ಪತ್ರೆಗೆಂದು ಹೊರಟವರು ದಲ್ಲಾಳಿಗೆ ಫೋನ್ ಮಾಡುವ ಮೊದಲು ಅಲ್ಲಿ ವಿಚಾರಿಸುವುದು ಮೇಲು.

ಹೂಡಿದ್ದನ್ನು ಕೀಳಲೂ ಬೇಕು. ‘ಬಿಡಾರ ಕಿತ್ತರು’ ಎನ್ನುವಾಗ ಗೂಟವನ್ನೂ ಒಲೆಗಲ್ಲನ್ನೂ ಎತ್ತಿ, ನೆಲವನ್ನು ಮೊದಲಿನಂತೆ ಬಿಟ್ಟುಹೋದರು ಎಂದರ್ಥ. ಈಗಿನ ‘ವೆಕೇಟ್’ ಎಂಬುದರಲ್ಲಿ ಈ ಬಿಡುಗಡೆ ಇಲ್ಲ; ಅದರ ಹಿಂದೆ ಮುಂಗಡಕ್ಕಾಗಿ ತಿಂಗಳುಗಟ್ಟಲೆ ಅಲೆಯುವುದಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೇಳುವುದು ಹಳೆಯ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿನದನ್ನು ಮೀರಬಾರದೆನ್ನುತ್ತದೆ; ರಾಜ್ಯಗಳು ಜಾರಿಗೆ ತಂದಲ್ಲಿ ಮಾತ್ರ ಅದಕ್ಕೆ ಬಲ. ಎರಡೇ ತಿಂಗಳಿರುವವರು ಹತ್ತು ತಿಂಗಳಿನದನ್ನು ಕೊಡುವುದು ನ್ಯಾಯವಲ್ಲ, ಕೊಡಲೂಬಾರದು. 1908ರ ನೋಂದಣಿ ಕಾಯ್ದೆಯಂತೆ ವರ್ಷ ಮೀರಿದ ಬಾಡಿಗೆ, ಗೇಣಿಗಳಿಗೆ ನೋಂದಣಿ ಕಡ್ಡಾಯ; ಹನ್ನೊಂದು ತಿಂಗಳ ಕರಾರಿನ ವಾಡಿಕೆ ಬಂದದ್ದು ಅದರಿಂದ. ಬಿಡಾರ ಇನ್ನೂ ಚಿಕ್ಕದೆಂದು ಕಾಗದವನ್ನೇ ಬಿಟ್ಟುಬಿಡುವುದು ತಪ್ಪು. ಹರವೆಯಿಂದ ಹೊರಟವರು ಅರವತ್ತೇ ದಿನಕ್ಕಾದರೂ ಕರಾರು ಬರೆಸಿ, ಬಿಡುವ ದಿನಾಂಕವನ್ನು ನಮೂದಿಸಿ, ಕೀಲಿ ಒಪ್ಪಿಸಿದ ದಿನವೇ ಮುಂಗಡ ಹಿಂದಿರುಗಬೇಕು ಎಂಬ ಸಾಲನ್ನು ಅದರಲ್ಲಿ ಸೇರಿಸಿಕೊಳ್ಳಬೇಕು.