ಕಳ್ಳನ ಹೊಟ್ಟೆಯಲ್ಲಿ ಏನಿತ್ತು?

ನನ್ನ ಜೀವಮಾನದಲ್ಲಿ ನಾನು ಗಾಳ ಹಾಕಿ ಹಿಡಿದ ಒಂದೇ ಒಂದು ದೊಡ್ಡ ಮೀನನ್ನು ನಾನು ಪೂರ್ತಿಯಾಗಿ ನೋಡಲೇ ಇಲ್ಲ. ನೋಡಿದ್ದು ತಲೆಯನ್ನು ಮಾತ್ರ. ಉಳಿದದ್ದನ್ನು ಶಾಂತಸಾಗರದ ಒಂದು ಕಡಲಸಿಂಹ ನನ್ನ ಕಣ್ಣೆದುರಿಗೇ ತಿಂದುಹಾಕಿತು.

2023ರ ಬೇಸಿಗೆ ರಜೆಯಲ್ಲಿ ನಾನು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಒಂದು ಶನಿವಾರ ಅವನು, “ಅಮ್ಮ, ನಾಳೆ ಮೀನು ಹಿಡಿಯುವುದಕ್ಕೆ ಹೋಗುವ. ಟಿಕೆಟ್ ತೆಗೆದಾಗಿದೆ” ಎಂದ. ನನಗೆ ನಗು ಬಂತು. ನಾನು ಕುಂದಾಪುರದ ಕಡೆಯವಳು. ಮೀನು ಹಿಡಿಯುವುದಕ್ಕೆ ಕಡಲಿಗೆ ಹೋಗುವವರನ್ನು ಹುಟ್ಟಿದಂದಿನಿಂದ ನೋಡಿದವಳು. ಅವರು ಹೋಗುವುದು ಹೊಟ್ಟೆಪಾಡಿಗೆ. ಹೋಗಿ ಬರುವ ತನಕ ಮನೆಯ ಹೆಂಗಸರ ಜೀವ ಕೈಯಲ್ಲಿರುತ್ತದೆ. ಅಂಥ ಕೆಲಸಕ್ಕೆ ಕೈಯಿಂದ ದುಡ್ಡು ಕೊಟ್ಟು, ಸರಕಾರಕ್ಕೆ ಲೈಸೆನ್ಸಿನ ಶುಲ್ಕವನ್ನೂ ಕಟ್ಟಿ, ಖುಷಿಗಾಗಿ ಹೋಗುವುದೆಂದರೆ! “ನಿನ್ನ ಅಜ್ಜಿ ಕೇಳಿದ್ದರೆ ಏನೆನ್ನುತ್ತಿದ್ದಳೋ” ಎಂದೆ. ಆದರೂ ಹೊರಟೆ.

ದೋಣಿಯಲ್ಲಿ ಸುಮಾರು ಮೂವತ್ತು ಜನರಿದ್ದರು. ನಿವೃತ್ತರು, ಅಪ್ಪ ಮಕ್ಕಳು, ಒಬ್ಬಿಬ್ಬರು ಹೆಂಗಸರು. ಬಂದರಿನ ಬಾಯಿಯ ಹತ್ತಿರ ದೋಣಿ ಮೊದಲು ನಿಂತದ್ದು ಎರೆಮೀನು ತುಂಬಿಕೊಳ್ಳಲು. ನೀರಿನ ಮೇಲೆ ತೇಲುವ ದೊಡ್ಡ ದೊಡ್ಡ ಪಂಜರಗಳಲ್ಲಿ ಜೀವಂತ ಸಾರ್ಡೀನ್ ಮೀನುಗಳನ್ನು ಕೂಡಿಹಾಕಿ ಮಾರುತ್ತಾರೆ. ಸಾರ್ಡೀನ್ ಎಂದರೆ ನಮ್ಮ ಬೂತಾಯಿಯ ಬಳಗದ ಮೀನು. ಆ ಪಂಜರಗಳ ಹಲಗೆಯ ಮೇಲೆಲ್ಲ ಒದ್ದೆ ಗೋಣಿಚೀಲ ಒಟ್ಟಿದ ಹಾಗೆ ಕಡಲಸಿಂಹಗಳು ಬಿದ್ದುಕೊಂಡಿದ್ದವು. ಸೀಲ್ ಎಂಬ ಪ್ರಾಣಿಯ ಹತ್ತಿರದ ಸಂಬಂಧಿ ಇದು. ಆದರೆ ಇದಕ್ಕೆ ಹೊರಗೆ ಕಾಣುವ ಪುಟ್ಟ ಕಿವಿಗಳಿವೆ, ಈಜುರೆಕ್ಕೆಗಳನ್ನು ಕಾಲಿನಂತೆ ಊರಿ ನೆಲದ ಮೇಲೆ ನಡೆಯಬಲ್ಲದು. ಗಂಡು ಮುನ್ನೂರು ಕಿಲೋ ದಾಟುತ್ತದೆ, ಹೆಣ್ಣು ನೂರರ ಆಸುಪಾಸು. ನಾಯಿಯಂತೆ ಬೊಗಳುತ್ತದೆ. ಅವುಗಳ ಕಣ್ಣು ನೋಡಿ, “ಪಾಪ, ಎಷ್ಟು ಸಾಧು” ಎಂದೆ. ಪಕ್ಕದಲ್ಲಿದ್ದ ಮುದುಕರೊಬ್ಬರಿಗೆ ಮಗ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಮುಖ ಸಿಂಡರಿಸಿದರು. ಕಾರಣ ಒಂದು ಗಂಟೆಯಲ್ಲಿ ತಿಳಿಯಿತು.

ಕಡಲಪಾಚಿಯ ಕಾಡಿನ ಅಂಚಿನಲ್ಲಿ ದೋಣಿ ನಿಂತಿತು. ಮಗ ಗಾಳಕ್ಕೆ ಎರೆ ಸಿಕ್ಕಿಸಿ ಕೋಲನ್ನು ನನ್ನ ಕೈಗೆ ಕೊಟ್ಟ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ದಾರ ಒಮ್ಮೆಲೆ ಜಗ್ಗಿತು. ಐವತ್ತು ದಾಟಿದ ಮೇಷ್ಟರಮ್ಮ ನಾನು, ಮಕ್ಕಳ ಹಾಗೆ ಕೂಗಿದೆ. ರೀಲು ಸುತ್ತುತ್ತ ಹೋದ ಹಾಗೆ ನೀರಿನ ಕೆಳಗೆ ಬೆಳ್ಳಗೆ ಹೊಳೆದದ್ದು ಕಂಡಿತು. ಅಷ್ಟರಲ್ಲಿ ಕಂದು ನೆರಳೊಂದು ಬಾಣದಂತೆ ಬಂತು. ಕೋಲು ಬಿಲ್ಲಿನಂತೆ ಬಾಗಿತು, ಕ್ಷಣದಲ್ಲಿ ಹಗುರವಾಯಿತು. ಎಳೆದು ನೋಡಿದರೆ ಗಾಳದಲ್ಲಿ ತಲೆ ಮಾತ್ರ, ಬಾಯಿ ಇನ್ನೂ ಅಲುಗುತ್ತಿದೆ. ಹತ್ತು ಮಾರು ದೂರದಲ್ಲಿ ಕಡಲಸಿಂಹ ತಲೆಯೆತ್ತಿ, ನನ್ನ ಮೀನನ್ನು ಕೊಡವಿ ಕೊಡವಿ ತಿನ್ನುತ್ತಿದೆ. ದೋಣಿಯ ಹುಡುಗ ನಕ್ಕು, “ತೆರಿಗೆ ಕಟ್ಟಿದಿರಿ” ಎಂದ. ಮುದುಕರು ಮಾತ್ರ ನಗಲಿಲ್ಲ. “ಗುಂಡು ಹೊಡೆಯಬೇಕು ಇವಕ್ಕೆ” ಎಂದರು. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೂ ಹಾಗೆಯೇ ಅನ್ನಿಸಿತು. ಒಂದು ಗಂಟೆಯ ಹಿಂದೆ ಸಾಧುವಾಗಿದ್ದ ಪ್ರಾಣಿ ಈಗ ಕಳ್ಳ.

ಆ ಪ್ರಾಣಿ ನಮ್ಮನ್ನು ಬಿಡಲಿಲ್ಲ. ಇನ್ನೂ ಎರಡು ಬಂದು ಸೇರಿಕೊಂಡವು. ಕ್ಯಾಪ್ಟನ್ ಎಲ್ಲರ ಗಾಳಗಳನ್ನು ಮೇಲೆತ್ತಿಸಿ ಮೈಲುಗಟ್ಟಲೆ ದೂರ ಹೋದರು. ಅದೇ ಮುಖ್ಯ ಉಪಾಯವಂತೆ: ಜಾಗ ಬದಲಿಸುವುದು, ಮೀನು ಕಚ್ಚಿದರೆ ತಡಮಾಡದೆ ಎಳೆದುಕೊಳ್ಳುವುದು, ಉಳಿದ ಎರೆಯನ್ನೂ ಮೀನಿನ ಕರುಳನ್ನೂ ನೀರಿಗೆ ಎಸೆದು ಅವಕ್ಕೆ ರುಚಿ ಹತ್ತಿಸದಿರುವುದು. ಹೊಡೆಯುವಂತಿಲ್ಲ, ಕೊಲ್ಲುವಂತಿಲ್ಲ, ಕರೆದು ತಿನ್ನಿಸುವಂತೆಯೂ ಇಲ್ಲ. ಎಲ್ಲಕ್ಕೂ ಕಾನೂನಿದೆ.

ಚರಿತ್ರೆ ಹೇಳಿಕೊಟ್ಟು ಅಭ್ಯಾಸವಾದವಳಿಗೆ ಕಾನೂನು ಎಂದ ಕೂಡಲೇ ಅದು ಯಾವಾಗ ಬಂತು, ಯಾಕೆ ಬಂತು ಎಂಬ ಪ್ರಶ್ನೆ ಏಳುತ್ತದೆ. ಉಳಿದ ದಿನಗಳಲ್ಲಿ ಮಗ ಕೆಲಸಕ್ಕೆ ಹೋದಾಗ ನಾನು ಅಲ್ಲಿಯ ಗ್ರಂಥಾಲಯದಲ್ಲಿ ಕುಳಿತು ಓದಿದೆ.

ಖುಷಿಗಾಗಿ ಕಡಲಿನ ದೊಡ್ಡ ಮೀನು ಹಿಡಿಯುವ ಹವ್ಯಾಸ ಅಮೆರಿಕದಲ್ಲಿ ಒಂದು ಶಿಸ್ತಾಗಿ ಬೆಳೆದ ಊರುಗಳಲ್ಲಿ ಮುಖ್ಯವಾದದ್ದು ಇದೇ ಕರಾವಳಿಯ ಸಾಂತಾ ಕ್ಯಾಟಲೀನಾ ದ್ವೀಪದ ಆವಲಾನ್. 1898ರಲ್ಲಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಎಂಬವರು ಕೋಲು ಮತ್ತು ರೀಲಿನಿಂದ 183 ಪೌಂಡು ತೂಗುವ ಟ್ಯೂನಾ ಮೀನನ್ನು ಹಿಡಿದರು. ಅದೇ ವರ್ಷ ಅಲ್ಲಿ ಟ್ಯೂನಾ ಕ್ಲಬ್ ಸ್ಥಾಪನೆಯಾಯಿತು. ಅದಕ್ಕೆ ಮೊದಲು ಜನ ದಪ್ಪ ಹಗ್ಗದಿಂದ ಮೀನುಗಳನ್ನು ರಾಶಿರಾಶಿಯಾಗಿ ಎಳೆದು, ತಿನ್ನಲಾರದೆ ಚೆಲ್ಲುತ್ತಿದ್ದರು. ಹೋಲ್ಡರ್ ಅದನ್ನು ಕಂಡು ಬೇಸತ್ತವರು. ಸಪುರ ದಾರ ಬಳಸಬೇಕು, ಮೀನಿಗೂ ತಪ್ಪಿಸಿಕೊಳ್ಳಲು ನ್ಯಾಯವಾದ ಅವಕಾಶ ಇರಬೇಕು ಎಂಬುದು ಕ್ಲಬ್ಬಿನ ನಿಯಮವಾಯಿತು. ನ್ಯಾಯ ಎಂಬ ಮಾತು ಮೀನಿನ ಮಟ್ಟಿಗೆ ಬಂದದ್ದು ದೊಡ್ಡದೇ. ಆದರೆ ಆ ನ್ಯಾಯದಲ್ಲಿ ಇದ್ದದ್ದು ಮನುಷ್ಯ ಮತ್ತು ಮೀನು, ಎರಡೇ ಪಕ್ಷ. ನಡುವೆ ಬಾಯಿ ಹಾಕುವ ಮೂರನೆಯದಕ್ಕೆ ಅಲ್ಲಿ ಜಾಗವಿರಲಿಲ್ಲ.

ಆ ಮೂರನೆಯದಕ್ಕೆ ಆಗಲೇ ಮರಣದಂಡನೆ ಬರೆದಾಗಿತ್ತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಕಡಲಸಿಂಹಗಳನ್ನು ಎಣ್ಣೆಗಾಗಿ, ಚರ್ಮಕ್ಕಾಗಿ ಕೊಂದರು. ಅದು ಲಾಭದ ಬೇಟೆ. ಶತಮಾನದ ಕೊನೆಗೆ ಇನ್ನೊಂದು ಕಾರಣ ಸೇರಿಕೊಂಡಿತು: ಸಾಲ್ಮನ್ ಮೀನು ಕಡಿಮೆಯಾಗಿದೆ, ತಿನ್ನುತ್ತಿರುವವು ಇವೇ ಎಂದು ಮೀನುಗಾರರು ದೂರಿದರು. 1899ರಲ್ಲಿ ಕ್ಯಾಲಿಫೋರ್ನಿಯಾದ ಮೀನು ಆಯೋಗ ಅವುಗಳನ್ನು ಕೊಂದು ಕಡಿಮೆ ಮಾಡಲು ಹೊರಟಿತು. ದೀಪಸ್ತಂಭಗಳಿದ್ದ ಸರಕಾರಿ ಜಾಗದಲ್ಲಿಯೂ ಕೊಲ್ಲಲು ಅಪ್ಪಣೆ ಕೇಳಿತು. ಅಪ್ಪಣೆ ಸಿಕ್ಕಿತು, ಪ್ರಾಣಿಪ್ರಿಯರ ವಿರೋಧ ಬಂದ ಮೇಲೆ ರದ್ದಾಯಿತು. ಬೇರೆ ಕಡೆ ಕೊಲೆ ನಡೆದೇ ಇತ್ತು.

ಅದೇ ಬೇಸಿಗೆಯಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಲೂಯಿಸ್ ಲಿಂಡ್ಸೆ ಡೈಕ್ ಎಂಬವರು ಮಾಂಟೆರೇ ಕೊಲ್ಲಿಯ ದಡದಲ್ಲಿದ್ದರು. ಸತ್ತ ಕಡಲಸಿಂಹಗಳು ಅಲ್ಲಿ ಬಂದು ಬೀಳುತ್ತಿದ್ದವು. ಬೇರೆ ಯಾರಿಗೂ ತೋಚದ ಕೆಲಸವನ್ನು ಅವರು ಮಾಡಿದರು. ಕತ್ತಿ ತೆಗೆದು ಅವುಗಳ ಹೊಟ್ಟೆ ಸೀಳಿ ನೋಡಿದರು. ಸಾಲ್ಮನ್ ಇರಲಿಲ್ಲ. ಸಿಕ್ಕಿದ್ದು ಸ್ಕ್ವಿಡ್, ಅಂದರೆ ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಮೆತ್ತನೆಯ ಜೀವಿ. ಇದನ್ನು 1901ರಲ್ಲಿ ಹೆಸರಾಂತ ಪ್ರಾಣಿಶಾಸ್ತ್ರಜ್ಞ ಸಿ. ಹಾರ್ಟ್ ಮೆರಿಯಮ್ ‘ಸೈನ್ಸ್’ ಪತ್ರಿಕೆಯಲ್ಲಿ ಎತ್ತಿ ಹೇಳಿದರು. ಆರೋಪಿಯ ಹೊಟ್ಟೆ ನೋಡುವ ಮೊದಲೇ ಶಿಕ್ಷೆ ಜಾರಿಯಾಗಿತ್ತು ಎಂಬುದು ಅದರ ತಾತ್ಪರ್ಯ.

ಇಲ್ಲಿಗೆ ನಿಲ್ಲಿಸಿದ್ದರೆ ಕತೆ ಬಹಳ ಸುಲಭವಾಗುತ್ತಿತ್ತು. ತರಗತಿಯಲ್ಲಿ ಹೇಳಲೂ ಚೆನ್ನ. ಆದರೆ ಡೈಕ್ ನೋಡಿದ್ದು ಒಂದು ಜಾಗದ, ಒಂದು ಋತುವಿನ ಹೊಟ್ಟೆಗಳನ್ನು. ಕಡಲಸಿಂಹಗಳು ಸ್ಕ್ವಿಡ್ ಮಾತ್ರವಲ್ಲ, ಸಾರ್ಡೀನ್, ಆಂಚೊವಿ, ಬಂಡೆಮೀನು, ಸಿಕ್ಕಿದರೆ ಸಾಲ್ಮನ್ ಎಲ್ಲವನ್ನೂ ತಿನ್ನುತ್ತವೆ ಎಂಬುದು ಈಗ ಚೆನ್ನಾಗಿ ಗೊತ್ತಿದೆ. ನನ್ನ ಮೀನಿನ ವಿಷಯದಲ್ಲಂತೂ ನಾನೇ ಸಾಕ್ಷಿ.

1972ರ ಅಕ್ಟೋಬರ್ 21ರಂದು ಅಧ್ಯಕ್ಷ ನಿಕ್ಸನ್ ಸಮುದ್ರ ಸಸ್ತನಿಗಳ ಸಂರಕ್ಷಣಾ ಕಾಯ್ದೆಗೆ ಸಹಿ ಹಾಕಿದರು. ಅಲ್ಲಿಂದ ಕಡಲಸಿಂಹ ಹೆಚ್ಚತೊಡಗಿತು. 1975ರಲ್ಲಿ ತೊಂಬತ್ತು ಸಾವಿರಕ್ಕಿಂತ ಕಡಿಮೆ ಇದ್ದದ್ದು 2012ರಲ್ಲಿ ಮೂರು ಲಕ್ಷ ದಾಟಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕಾನೂನು ಗೆದ್ದಿತು, ಹಳೆಯ ಜಗಳ ಮತ್ತೆ ಎದ್ದಿತು.

ಸಿಯಾಟಲ್ ನಗರದಲ್ಲಿ 1917ರಲ್ಲಿ ಕಟ್ಟಿದ ಬ್ಯಾಲಾರ್ಡ್ ಜಲದ್ವಾರವಿದೆ. ಕಡಲಿನಿಂದ ಸಿಹಿನೀರಿಗೆ ಮೊಟ್ಟೆಯಿಡಲು ಹೋಗುವ ಸ್ಟೀಲ್‌ಹೆಡ್ ಮೀನುಗಳು ಅಲ್ಲಿಯ ಇಕ್ಕಟ್ಟಿನಲ್ಲಿ ಹಾದುಹೋಗಬೇಕು. 1980ರ ದಶಕದಲ್ಲಿ ಗಂಡು ಕಡಲಸಿಂಹಗಳು ಆ ಬಾಗಿಲಲ್ಲಿ ಬಂದು ಕಾದು ನಿಂತವು. ಜನ ಅವಕ್ಕೆ ಹರ್ಷೆಲ್ ಎಂದು ಹೆಸರಿಟ್ಟರು. ಪಟಾಕಿ ಸಿಡಿಸಿದರು, ರಬ್ಬರ್ ತುದಿಯ ಬಾಣ ಬಿಟ್ಟರು, ವಾಕರಿಕೆ ಬರಿಸುವ ಮದ್ದು ತುಂಬಿದ ಮೀನು ತಿನ್ನಿಸಿದರು. ಯಾವುದಕ್ಕೂ ಅವು ಜಗ್ಗಲಿಲ್ಲ. 1990ರಲ್ಲಿ ಕೆಲವನ್ನು ಹಿಡಿದು ದೂರದ ದಕ್ಷಿಣ ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳ ಬಳಿ ಬಿಟ್ಟು ಬಂದರು. ಅವುಗಳಲ್ಲಿ ಕೆಲವು ಕೆಲವೇ ವಾರಗಳಲ್ಲಿ ಈಜಿಕೊಂಡು ವಾಪಸು ಬಂದವು. ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಪಕ್ಕದೂರಿಗೆ ಬಿಟ್ಟು ಬಂದವರಿಗೆ ಇದು ಹೊಸದಲ್ಲ. 1996ರಲ್ಲಿ ಕೊಲೆಗಾರ ತಿಮಿಂಗಿಲದ ಬೊಂಬೆಯೊಂದನ್ನು ನೀರಿಗಿಳಿಸಿದರು. ನಮ್ಮ ಗದ್ದೆಯ ಬೆರ್ಚಪ್ಪನಿಗೆ ಕಾಗೆ ಕೊಡುವ ಮರ್ಯಾದೆಯನ್ನೇ ಕಡಲಸಿಂಹಗಳು ಅದಕ್ಕೂ ಕೊಟ್ಟವು. ಕೊನೆಗೆ ಅದೇ ವರ್ಷ ಮೂರನ್ನು ಫ್ಲಾರಿಡಾದ ಪ್ರಾಣಿಪ್ರದರ್ಶನ ಕೇಂದ್ರಕ್ಕೆ ಸಾಗಿಸಿದರು. ಹೊಂಡೋ ಎಂಬ ದೊಡ್ಡ ಗಂಡು ಕೆಲವು ತಿಂಗಳಲ್ಲಿ ಸತ್ತಿತು.

ಸ್ಟೀಲ್‌ಹೆಡ್ ಉಳಿಯಿತೇ? ಇಲ್ಲ. 1980ರ ದಶಕದ ಮೊದಲಿಗೆ ಸಾವಿರಗಳ ಲೆಕ್ಕದಲ್ಲಿ ಬರುತ್ತಿದ್ದ ಮೀನು 1993–94ರ ಚಳಿಗಾಲದಲ್ಲಿ ಎಪ್ಪತ್ತಕ್ಕೆ ಇಳಿದಿತ್ತು. ಕಳ್ಳನನ್ನು ಗಡೀಪಾರು ಮಾಡಿದ ಮೇಲೂ ಅದು ಚೇತರಿಸಿಕೊಳ್ಳಲಿಲ್ಲ. ಕಡಲಸಿಂಹ ತಿಂದದ್ದು ನಿಜ. ಆದರೆ ಹೊಳೆಗೆ ಬಾಗಿಲು ಕಟ್ಟಿ ಮೀನನ್ನೆಲ್ಲ ಒಂದೇ ಸಂದಿಗೆ ತಂದು ನಿಲ್ಲಿಸಿದವರು ಮನುಷ್ಯರು. ಸುತ್ತಲಿನ ತೊರೆಗಳ ದಡದಲ್ಲಿ ನಗರ ಕಟ್ಟಿದವರೂ ಅವರೇ. ಬಾಗಿಲನ್ನು ಫ್ಲಾರಿಡಾಕ್ಕೆ ಸಾಗಿಸಲು ಬರುವುದಿಲ್ಲ, ಅದರ ಮುಂದೆ ಕಾದವನನ್ನು ಸಾಗಿಸಬಹುದು.

ಇದನ್ನೆಲ್ಲ ಓದುವಾಗ ನನಗೆ ಪದೇ ಪದೇ ನೆನಪಾದದ್ದು ಒಂದು ಊಟದ ಡಬ್ಬಿ. ಕೆಲಸಕ್ಕೆ ಸೇರಿದ ಹೊಸತು. ಏಳನೆಯ ತರಗತಿಯ ಹುಡುಗಿಯೊಬ್ಬಳ ಡಬ್ಬಿಯಲ್ಲಿದ್ದ ಮೀನಿನ ತುಂಡುಗಳು ಮಧ್ಯಾಹ್ನದೊಳಗೆ ಕಾಣೆಯಾದವು. ಕಿಟಕಿಯ ಪಕ್ಕದ ಬೆಂಚಿನ ಹುಡುಗನೊಬ್ಬ ಯಾವಾಗಲೂ ಹಸಿದ ಮುಖದಲ್ಲಿರುತ್ತಿದ್ದ. ಎರಡು ಸಲ ಬೇರೆಯವರ ತಿಂಡಿ ತೆಗೆದು ಸಿಕ್ಕಿಬಿದ್ದಿದ್ದ. ನಾನು ಏನನ್ನೂ ವಿಚಾರಿಸಲಿಲ್ಲ. ಅವನನ್ನು ನಿಲ್ಲಿಸಿ ಎಲ್ಲರ ಮುಂದೆ ಕಳ್ಳ ಎಂದು ಕರೆದೆ. ಅವನು ಇಲ್ಲ ಎನ್ನಲೂ ಇಲ್ಲ, ಹೌದು ಎನ್ನಲೂ ಇಲ್ಲ. ಮುಂದಿನ ವಾರದಿಂದ ಶಾಲೆಗೆ ಬರಲಿಲ್ಲ. ಮನೆಗೆ ಹೇಳಿ ಕಳುಹಿಸಿದೆ. ದೋಣಿಗೆ ಹೋಗುತ್ತಿದ್ದಾನೆ ಎಂದು ಉತ್ತರ ಬಂತು. ಅಂದು ಡಬ್ಬಿಗೆ ಕೈಹಾಕಿದವನು ಅವನೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಅವನೇ ಇರಬಹುದು. ಅವನೇ ಆಗಿದ್ದರೂ ಅವನ ಹೊಟ್ಟೆಯಲ್ಲಿ ಬೆಳಿಗ್ಗೆಯಿಂದ ಏನಿತ್ತು ಎಂದು ಕೇಳುವುದು ನನ್ನ ಕೆಲಸವಾಗಿತ್ತು. ಡೈಕ್ ಸತ್ತ ಪ್ರಾಣಿಗೆ ಮಾಡಿದ್ದನ್ನು ನಾನು ಜೀವಂತ ಹುಡುಗನಿಗೆ ಮಾಡಲಿಲ್ಲ.

ನಾನು ಊರಿಗೆ ಮರಳಿ ಶಾಲೆ ಶುರುವಾದ ಮೇಲೆ, ಜೂನ್‌ನಲ್ಲಿ, ಮಗ ಫೋನಿನಲ್ಲಿ ಒಂದು ಸುದ್ದಿ ಹೇಳಿದ. ದಕ್ಷಿಣ ಕ್ಯಾಲಿಫೋರ್ನಿಯಾದ ದಡದಲ್ಲಿ ನೂರಾರು ಕಡಲಸಿಂಹಗಳು ವಿಷವೇರಿ ಬಂದು ಬೀಳುತ್ತಿದ್ದವು. ಕಡಲಿನಲ್ಲಿ ಒಂದು ಜಾತಿಯ ಸೂಕ್ಷ್ಮ ಪಾಚಿ ವಿಪರೀತ ಬೆಳೆದಾಗ ಡೊಮೋಯಿಕ್ ಆಮ್ಲ ಎಂಬ ವಿಷ ಹುಟ್ಟುತ್ತದೆ. ಪಾಚಿಯನ್ನು ಸಾರ್ಡೀನ್, ಆಂಚೊವಿ ತಿನ್ನುತ್ತವೆ, ಅವುಗಳನ್ನು ಕಡಲಸಿಂಹ ತಿನ್ನುತ್ತದೆ. ವಿಷ ಮಿದುಳಿಗೇರಿ ಮೈ ನಡುಗಿ ಸಾಯುತ್ತದೆ. ಈ ಸಲವೂ ಉತ್ತರ ಅವುಗಳ ಹೊಟ್ಟೆಯಲ್ಲಿಯೇ ಇತ್ತು.

“ನಿನ್ನ ಮೀನು ಕದ್ದದ್ದು ಅದರಲ್ಲಿ ಇದೆಯೋ ಏನೋ” ಎಂದು ಅವನು ತಮಾಷೆಗೆ ಅಂದ. ನನಗೆ ನಗು ಬರಲಿಲ್ಲ. “ಹೋಗಿ ನೋಡಿಕೊಂಡು ಬಾ ಮಗಾ” ಎಂದೆ. ದಡಕ್ಕೆ ಬಿದ್ದವುಗಳ ಹತ್ತಿರ ಹೋಗಬಾರದು, ಆರೈಕೆಯವರಿಗೆ ತಿಳಿಸಬೇಕು ಅಷ್ಟೇ ಎಂದು ಅವನು ವಿವರಿಸಿದ. ಸರಿ, ತಿಳಿಸು ಎಂದೆ.

ಮರುದಿನ ಮಧ್ಯಾಹ್ನ ಬಿಸಿಯೂಟದ ಹೊತ್ತಿಗೆ ನಾನು ಬಡಿಸುವವರ ಪಕ್ಕದಲ್ಲಿ ಹೋಗಿ ನಿಂತೆ. ಎರಡನೆಯ ಸಲ ತಟ್ಟೆ ಹಿಡಿದು ಬಂದ ಮಕ್ಕಳ ಮುಖ ನೋಡಿದೆ. ಈಗ ಅದು ನನಗೆ ರೂಢಿಯಾಗಿದೆ.